ಬಾರ್ಲಾ ಕೊಟ್ಟಿಗೆಯಲ್ಲಿ ನಡೆಸಿದ ಸಭೆ

ಬಾರ್ಲಾಗೆ ಸಿಟ್ಟು ಬಂದರೆ ಬೆಟ್ಟದೂರು ಪ್ರಸೂರಾದ ನಾಯಿಗಳೂ ದಾರಿ ಬಿಡುತ್ತಿದ್ದವು ಅಂತ ಊರವರು ಹೇಳುತ್ತಾರೆ. ಅದು ಸುಳ್ಳು. ನಾಯಿಗಳನ್ನು ಅವಳು ಯಾವತ್ತೂ ಗದರಿದವಳಲ್ಲ. ಅವಳ ಸಿಟ್ಟೆಲ್ಲ ಗಂಡಸರ ಮೇಲೆ. ಅದರಲ್ಲೂ ವರ್ಷಕ್ಕೆರಡು ಸಲ ಶಾಲೆಯ ಕೋಣೆಯಲ್ಲಿ ಸಭೆ ಸೇರಿ, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು, ಊರಿನ ಹಣೆಬರಹಕ್ಕೆ ಕೈ ಎತ್ತುವ ಗಂಡಸರ ಮೇಲೆ.

ಗಂಡ ಜಾಕನ್ 1966ರ ಚಳಿಗಾಲದಲ್ಲಿ ಕಾಡಿನಲ್ಲಿ ತಾನೇ ಕಡಿದ ಮರದ ಕೆಳಗೆ ಸಿಕ್ಕಿ ಸತ್ತ. ಆಗ ಬಾರ್ಲಾಗೆ ಮೂವತ್ತೆಂಟು. ಅಂದಿನಿಂದ ಏಳು ಹಸು, ಕಡಿದಾದ ಇಳಿಜಾರಿನ ಹುಲ್ಲು, ಬೇಸಿಗೆಯಲ್ಲಿ ಆ ಹುಲ್ಲನ್ನು ಕೊಯ್ದು ಒಣಗಿಸಿ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತರುವುದು, ಎಲ್ಲವೂ ಅವಳೊಬ್ಬಳದೇ. ಜೊತೆಗೆ, ಯಾರ ಹಸು ಈಯಲು ಕಷ್ಟಪಟ್ಟರೂ ಕರೆ ಬರುತ್ತಿದ್ದದ್ದು ಅವಳಿಗೇ. ಅವಳ ಕೈ ಸಣ್ಣದು, ಬಲ ಮಾತ್ರ ದೊಡ್ಡದು.

ಪ್ರಸೂರಾದಲ್ಲಿ ನೆಲದ ಬೆಲೆ ಅಳತೆಯಲ್ಲಿಲ್ಲ, ಬಿಸಿಲಿನಲ್ಲಿದೆ. ಊರಿನ ಕೆಳಗೆ ರೈನ್ ನದಿಯ ಕಡೆಗಿರುವ ಕೊರಕಲಿನಲ್ಲಿ ನವೆಂಬರಿನಲ್ಲಿ ಮರೆಯಾದ ಸೂರ್ಯ ಮತ್ತೆ ಕಾಣುವುದು ಫೆಬ್ರವರಿಗೆ. ಇಗರ್ಜಿಯ ಕೆಳಗಿನ ಹುಲ್ಲುಗಾವಲಿನಲ್ಲಿ ಮಾತ್ರ ಡಿಸೆಂಬರಿನಲ್ಲೂ ಹಿಮ ಕರಗಿ ತೊಟ್ಟಿಕ್ಕುತ್ತದೆ. ಆ ಹುಲ್ಲುಗಾವಲು ಬಾರ್ಲಾಳದು. ಉಳಿದಂತೆ ಅವಳ ನೆಲ, ಊರಿನ ಎಲ್ಲರ ನೆಲದಂತೆ, ಅಜ್ಜ ಮುತ್ತಜ್ಜಂದಿರು ಮಕ್ಕಳಿಗೆ ಹಂಚಿ ಹಂಚಿ ಹತ್ತೊಂಬತ್ತು ಕಡೆ ಚೂರುಚೂರಾಗಿತ್ತು. ಚೂರುಗಳನ್ನೆಲ್ಲ ಒಟ್ಟುಗೂಡಿಸಿ ಪ್ರತಿಯೊಬ್ಬರಿಗೂ ಒಂದೆರಡು ಕಡೆ ದೊಡ್ಡ ಹೊಲ ಕೊಡೋಣ ಎಂಬ ಮಾತು ಎದ್ದಾಗ ಮೊದಲು ಒಪ್ಪಿದವಳೂ ಅವಳೇ.

1978ರ ಡಿಸೆಂಬರಿನಲ್ಲಿ ಶಾಲೆಯ ಗೋಡೆಗೆ ಹೊಸ ಹಂಚಿಕೆಯ ನಕ್ಷೆ ಬಿತ್ತು. ಬಾರ್ಲಾ ಬೆರಳಿಟ್ಟು ನೋಡಿದಳು. ಇಗರ್ಜಿಯ ಕೆಳಗಿನ ಹುಲ್ಲುಗಾವಲು ಊರಿನ ಅಧ್ಯಕ್ಷ ರಿಶ್‌ನ ಪಾಲಿಗೆ ಹೋಗಿತ್ತು. ಅವಳ ಪಾಲಿಗೆ ಬಂದದ್ದು ಕೊರಕಲು.

ನಕ್ಷೆಗೆ ಒಪ್ಪಿಗೆ ಕೊಡುವ ಸಭೆಯ ದಿನ ಅವಳು ಶಾಲೆಯ ಬಾಗಿಲಿಗೇ ಹೋದಳು. ರಿಶ್ ಅಡ್ಡ ನಿಂತ.

"ಬಾರ್ಲಕ್ಕ, ಮನಸ್ಸಿಗೆ ಹಚ್ಕೋಬೇಡಿ. ಊರಿನ ಸಭೆಗೆ ಹೆಂಗಸ್ರು ಬರೋ ಹಾಗಿಲ್ಲ. ನಿಯಮ ನಿಮಗೂ ಗೊತ್ತು."

"ಬರ್ನ್‌ನ ಪಾರ್ಲಿಮೆಂಟಲ್ಲಿ ಯಾರು ಕೂರಬೇಕು ಅಂತ ನಾನು ಏಳು ವರ್ಷದಿಂದ ಇದೇ ಕೋಣೇಲಿ ಮತ ಹಾಕ್ತಿದೀನಿ. ದೇಶಕ್ಕೆ ನನ್ನ ತಲೆ ಸಾಕು, ನನ್ನ ಹುಲ್ಲಿಗೆ ಸಾಲದಾ?"

"ಅದು ದೇಶ, ಇದು ಊರು. ನಿಮ್ಮ ಪರವಾಗಿ ಮೈದುನ ಇದ್ದಾನಲ್ಲ, ಲುರೇನ್?"

"ಲುರೇನ್‌ಗೆ ನನ್ನ ಹೊಲ ಯಾವ ದಿಕ್ಕಲ್ಲಿದೆ ಅಂತ್ಲೂ ಗೊತ್ತಿಲ್ಲ!"

ಬಾಗಿಲು ಮುಚ್ಚಿತು. ಬಾರ್ಲಾ ಹಿಮದಲ್ಲಿ ನಡೆದು ಕಿಟಕಿಯ ಹೊರಗೆ ನಿಂತಳು. ಗಾಜಿನಾಚೆ ಕೈಗಳು ಒಂದೊಂದಾಗಿ ಮೇಲೆದ್ದವು. ಲುರೇನ್ ಅಕ್ಕಪಕ್ಕ ನೋಡಿ ತಾನೂ ಎತ್ತಿದ. ಹೊಸ ಯೋಜನೆಯ ರಸ್ತೆ ಅವನ ಕಣಜದ ಬಾಗಿಲಿಗೇ ಬರುತ್ತಿತ್ತು.

ಅವನು ಮರುದಿನ ಏನೂ ಆಗದವನಂತೆ ಅವಳ ಅಡುಗೆಮನೆಗೆ ಬಂದು ಕೂತ. ಬಾರ್ಲಿ ಸೂಪಿನ ಬಟ್ಟಲನ್ನು ತಾನೇ ಎಳೆದುಕೊಂಡ.

"ಅತ್ತಿಗೆ, ಎಲ್ರೂ ಎತ್ತಿದ್ರು. ನಾನೊಬ್ನೇ ಸುಮ್ನೆ ಕೂತ್ರೆ ಚೆನ್ನಾಗಿರುತ್ತಾ?"

ಬಾರ್ಲಾ ಬಟ್ಟಲನ್ನು ಅವನ ಮುಂದಿನಿಂದ ಎತ್ತಿಕೊಂಡಳು. "ಎತ್ತಿದ ಕೈಯಲ್ಲೇ ಬಾಗಿಲು ತೆಗೆದು ಹೊರಗೆ ನಡಿ."

ನಾಲ್ಕು ದಿನ ಕಳೆದ ಮೇಲೆ, ಮಧ್ಯಾಹ್ನ, ಅವನೇ ಏದುಸಿರು ಬಿಡುತ್ತಾ ಓಡಿಬಂದ. ರಿಶ್‌ನ ಕಡಸು ಬೆಳಗಿನಿಂದ ತಿಣುಕುತ್ತಿದೆ, ಚೊಚ್ಚಲು ಕರು, ಹೊರಗೆ ಬರುತ್ತಿಲ್ಲ. ಹಿಮಕುಸಿತದಿಂದ ರಸ್ತೆ ಮುಚ್ಚಿ ಪಶುವೈದ್ಯರು ಪಕ್ಕದ ಕಣಿವೆಯಲ್ಲಿ ಸಿಕ್ಕಿಕೊಂಡಿದ್ದಾರೆ. ಕರೆಯಲು ಸ್ವತಃ ಬರುವ ಮುಖ ರಿಶ್‌ಗೆ ಇರಲಿಲ್ಲ.

ಬಾರ್ಲಾ ಹೊರಟಳು. ದೊಡ್ಡ ಮನಸ್ಸಿನಿಂದಲ್ಲ. ಆ ಕಡಸು ಯಾವ ಸಭೆಯಲ್ಲೂ ಕೈ ಎತ್ತಿರಲಿಲ್ಲ, ಅಷ್ಟೇ.

ಕೊಟ್ಟಿಗೆಯಲ್ಲಿ ಆರೇಳು ಗಂಡಸರು ಟೋಪಿ ಹಿಡಿದು ನಿಂತಿದ್ದರು. ಅವಳು ಅಂಗಿಯ ತೋಳು ಮಡಚಿ, ಭುಜದವರೆಗೆ ಸೋಪು ಹಚ್ಚಿ, ಕೈ ಒಳಗೆ ಹಾಕಿದಳು. ಕರುವಿನ ತಲೆ ಹಿಂದಕ್ಕೆ ಹೊರಳಿತ್ತು. ಅದನ್ನು ತಿರುಗಿಸಿ ಮುಂದಕ್ಕೆ ತರಬೇಕು, ಕಡಸು ತಿಣುಕುವುದು ನಿಂತಾಗಲೆಲ್ಲ ಒಂದೊಂದು ಬೆರಳಿನಷ್ಟು. ಕರುವಿನ ಮುಂಗಾಲುಗಳಿಗೆ ಹಗ್ಗ ಸಿಕ್ಕಿಸಿ, ತುದಿಯನ್ನು ರಿಶ್ ಮತ್ತು ಲುರೇನ್ ಕೈಗೆ ಕೊಟ್ಟಳು.

"ನಾನು ಹೇಳೋ ತನಕ ಯಾರೂ ಎಳೀಬೇಡಿ, ಬಿಡಲೂಬೇಡಿ. ಸಭೆ ಶುರು. ಆ ಕೊರಕಲಲ್ಲಿ ಚಳಿಗಾಲದಲ್ಲಿ ನಿಂತವರು ನಿಮ್ಮಲ್ಲಿ ಯಾರಿದ್ದೀರಿ?"



"ಬಾರ್ಲಕ್ಕ, ಅದೆಲ್ಲ ಈಗ ಯಾಕೆ? ಮೊದಲು ಕರು..." ರಿಶ್ ತೊದಲಿದ.

"ಕರು ನನ್ನ ಕೈಲಿದೆ, ಬಾಯಿ ಖಾಲಿ ಇದೆ. ನೀನು ಹಗ್ಗ ಹಿಡಿ." ಅವನಿಗೆ ಅವಳು 'ನೀನು' ಅಂದದ್ದು ಅದೇ ಮೊದಲು. "ಹನ್ನೆರಡು ವರ್ಷ ಆ ಬಿಸಿಲಿನ ಹುಲ್ಲು ಕೊಯ್ದವಳು ನಾನು. ನೀನು ಬೇಲಿ ಆಚೆ ನಿಂತು ಎಷ್ಟು ಚೆನ್ನಾಗಿ ಬೆಳೆದಿದೆ ಅಂತಿದ್ದೆ. ಹೊಗಳ್ತಿದಾನೆ ಅಂದ್ಕೊಂಡಿದ್ದೆ. ನೀನು ಅಳೀತಿದ್ದೆ ಅಲ್ವೇನೋ! ಲುರೇನ್, ತಲೆ ತಗ್ಗಿಸ್ಬೇಡ. ನಿನ್ನಣ್ಣ ಸತ್ತಾಗ ನೋಡ್ಕೋತೀನಿ ಅಂದೆ. ನೋಡ್ಕೊಂಡೆ, ನಿನ್ನ ರಸ್ತೇನ! ಉಳಿದವರೆಲ್ಲ, ನಿಮ್ಮ ಹಸು ಒದ್ದಾಡುವಾಗ ನನ್ನ ಕೈ ಬೇಕು. ಕೈ ಎತ್ತೋ ಹೊತ್ತಿಗೆ ನನಗೆ ಕೈಯೇ ಇಲ್ವಾ?"

ಮುಕ್ಕಾಲು ಗಂಟೆ ಹಾಗೇ ಬೈದಳು. ಹಗ್ಗ ಬಿಟ್ಟು ಹೋಗುವಂತಿಲ್ಲ, ಎದುರಾಡುವಂತಿಲ್ಲ. ಕೊನೆಗೆ "ಈಗ ಎಳೀರಿ" ಎಂದಳು. ಕಂದು ಬಣ್ಣದ ಹೆಣ್ಣುಕರು ಹುಲ್ಲಿನ ಮೇಲೆ ಜಾರಿ ಬಿದ್ದು ಸೀನಿತು. ರಿಶ್ ಬಿಸಿ ಕಾಫಿಗೆ ಒಂದಿಷ್ಟು ಸಾರಾಯಿ ಸೇರಿಸಿ ಮುಂದೆ ಹಿಡಿದ. ಬಾರ್ಲಾ ತೊಟ್ಟಿಯ ತಣ್ಣೀರಿನಲ್ಲಿ ತೋಳು ತೊಳೆದು, ಲೋಟದತ್ತ ನೋಡದೆ ನಡೆದಳು.

ಬೈಗುಳದಿಂದ ನಕ್ಷೆ ಬದಲಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನೆಲದ ಒಡತಿಗೆ ಲಿಖಿತವಾಗಿ ಆಕ್ಷೇಪಣೆ ಕೊಡುವ ಹಕ್ಕಿದೆ, ಅದಕ್ಕೆ ಇಪ್ಪತ್ತು ದಿನದ ಗಡುವಿದೆ ಎಂದು ಶಾಲೆಯ ಮೇಷ್ಟ್ರು ತಗ್ಗಿದ ದನಿಯಲ್ಲಿ ಹೇಳಿದ್ದರು. ಅವಳು ಮೊದಲು ಪೆನ್ಸಿಲಿನಲ್ಲಿ ಬರೆದು ಆಮೇಲೆ ಶಾಯಿಯಲ್ಲಿ ತಿದ್ದಿ ಕಳಿಸಿದಳು. ಜನವರಿಯಲ್ಲಿ ಪಟ್ಟಣದಿಂದ ಮೂವರು ಅಧಿಕಾರಿಗಳು ತೆಳು ಬೂಟು ಹಾಕಿಕೊಂಡು ಬಂದರು. ಬಾರ್ಲಾ ಅವರನ್ನು ನಡುಮಧ್ಯಾಹ್ನ ಕೊರಕಲಿಗೆ ಕರೆದೊಯ್ದು, ಏನೂ ಹೇಳದೆ ಪಕ್ಕದಲ್ಲಿ ನಿಂತಳು. ಸ್ವಲ್ಪ ಹೊತ್ತಿಗೆ ಅವರ ಹಲ್ಲು ಕಟಕಟಿಸತೊಡಗಿತು.

"ಇಲ್ಲಿ ಬಿಸಿಲು ಎಷ್ಟೊತ್ತಿಗೆ ಬರುತ್ತಮ್ಮ?" ಒಬ್ಬರು ಕೇಳಿದರು.

"ಫೆಬ್ರವರಿ ಎರಡನೇ ವಾರ. ಕಾಯ್ತೀರಾ?"

ಹುಲ್ಲುಗಾವಲಿನ ಅರ್ಧ ಅವಳಿಗೆ ವಾಪಸು ಬಂತು. ಇನ್ನರ್ಧ ರಿಶ್‌ನಲ್ಲೇ ಉಳಿಯಿತು. ಗೆದ್ದೆಯಲ್ಲ ಎಂದು ಜನ ಅಭಿನಂದಿಸಿದರೆ ಅವಳು ಉರಿದುಬೀಳುತ್ತಿದ್ದಳು. "ಅರ್ಧ ಕದ್ದದ್ದು ಅವನಿಗೆ ದಕ್ಕಿತು ಅನ್ನಿ."

ಊರಿನ ಸಭೆ ಹೆಂಗಸರಿಗೆ ತೆರೆದದ್ದು ಮತ್ತೆ ನಾಲ್ಕು ವರ್ಷಕ್ಕೆ. ಗಂಡಸರ ಮನಸ್ಸು ಕರಗಿ ಅಲ್ಲ, ಮೇಲಿನಿಂದ ಆಜ್ಞೆ ಬಂದು. ಮೊದಲ ಸಭೆಗೆ ರಿಶ್ ಬಾಗಿಲಲ್ಲಿ ನಿಂತು ಹೆಂಗಸರಿಗೆಲ್ಲ ಒಂದೊಂದು ಹೂ ಕೊಡುತ್ತಿದ್ದ.

"ಗಂಡಸ್ರಿಗೆ ಇಲ್ವಾ?" ಬಾರ್ಲಾ ಕೇಳಿದಳು.

"ಇದು ಹೆಂಗಸ್ರಿಗೆ, ಗೌರವಕ್ಕೆ."

"ಅದನ್ನ ನಿನ್ನ ಹೆಂಡತಿಗೆ ಕೊಡು. ನನಗೆ ಕೂರೋಕೆ ಜಾಗ ಬಿಡು."

ಮುಂದಿನ ಬೆಂಚಿನಲ್ಲೇ ಕೂತಳು. ಸೋರುತ್ತಿದ್ದ ಶಾಲೆಯ ಮಾಡನ್ನು ರಿಪೇರಿ ಮಾಡಿಸಬೇಕೆಂದು ರಿಶ್ ಪ್ರಸ್ತಾಪ ಇಟ್ಟಾಗ, ಅದು ನಿಜವಾಗಿ ಸೋರುತ್ತಿದ್ದುದರಿಂದ, ಪರವಾಗಿ ಕೈ ಎತ್ತಿದಳು. ಆಮೇಲೆ, ಇನ್ನು ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಅವನು ಕೇಳುವ ಮೊದಲೇ, ಎದ್ದು ನಿಂತಳು.