ಯಾರ ರೂಮಿನ ಟೆಂಪರೇಚರು?

ಮುಂಬೈಯ ನಮ್ಮ ಸಯನ್ ಮನೆಯಲ್ಲಿ ನನ್ನ ಮಾತು ನಡೆಯದ ಜಾಗ ಒಂದಿದೆ ಎಂದರೆ ನೀವು ನಗುತ್ತೀರಿ, ಒಂದೇ ಏನು ಎಂದು ಕೇಳುತ್ತೀರಿ. ನಿಜ, ಬೇರೆಯವೂ ಇವೆ. ಆದರೆ ಅಲ್ಲೆಲ್ಲ ಒಂದು ಅರ್ಜಿ ಹಾಕಿ ನೋಡುವ ಅವಕಾಶವಾದರೂ ಉಂಟು. ಫ್ರಿಜ್ಜಿನ ವಿಷಯದಲ್ಲಿ ಅದೂ ಇಲ್ಲ. ಮೇಲಿನ ಅಂಕಣ ದೇವರ ನೈವೇದ್ಯದ ಹಾಲು ಬೆಣ್ಣೆಗೆ, ಅದರ ಕೆಳಗಿನದು ದೋಸೆ ಹಿಟ್ಟಿಗೆ, ಉಳಿದದ್ದು ತರಕಾರಿಗೆ. ನಾನು ಬಾಗಿಲು ತೆರೆದು ಸುಮ್ಮನೆ ನಿಂತರೆ ಸಾಕು, ನನ್ನ ಹೆಂಡತಿ ಶಾಂತಾ ಎಲ್ಲಿದ್ದರೂ ಅಲ್ಲಿಂದಲೇ ಕೂಗುತ್ತಾಳೆ: "ಏನ್ ಹುಡಕ್ಲಾಕತ್ತೀರಿ? ತಂಪೆಲ್ಲಾ ಹೊರಗ ಹೊಂಟೈತಿ!"

ಇಂಥ ಮನೆಗೆ ಕಳೆದ ಮೇ ತಿಂಗಳಲ್ಲಿ ಒಂದು ಬಾಟ್ಲಿ ಕೆಂಪು ವೈನ್ ಬಂತು.

ತಂದವನು ಓಂಕಾರ. ನನ್ನ ಮಗಳು ಸ್ನೇಹಾ ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದಿದ್ದ ಮರಾಠಿ ಹುಡುಗ. ಅವನ ತಂದೆ ನಾಶಿಕದ ಬಳಿ ದ್ರಾಕ್ಷಿ ಬೆಳೆಯುತ್ತಾರೆ, ವೈನ್ ಮಾಡುವವರಿಗೆ ಮಾರುತ್ತಾರೆ. ತಮ್ಮದೇ ಹಣ್ಣಿನ ವೈನನ್ನು ಮುಂಗಡ ಕಳಿಸಿ, ಭಾನುವಾರ ಸಂಜೆ ನಾವೂ ಬರುತ್ತೇವೆ, ಕೂಡಿ ಕುಡಿಯೋಣ ಎಂದು ಹೇಳಿ ಕಳಿಸಿದ್ದರು. ನನಗೆ ಹುಡುಗ ಹಿಡಿಸಿದ್ದ. ಶಾಂತಾ ಮಾತ್ರ ತಿಂಗಳುಗಟ್ಟಲೆ "ನೋಡೂಣು" ಎನ್ನುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿಯೂ ಅವಳ "ನೋಡೂಣು" ಹೌದೋ ಅಲ್ಲವೋ ಎಂದು ನನಗೆ ತಿಳಿಯುವುದಿಲ್ಲ. ಅವಳ ತವರು ವಿಜಯಪುರದ ಕಡೆ, ಅವರದೂ ದ್ರಾಕ್ಷಿ ತೋಟ. ಬಾಟ್ಲಿಯನ್ನು ದೂರದಿಂದಲೇ ನೋಡಿ ಅಂದಳು: "ನಮ್ಮ ಮಂದಿ ದ್ರಾಕ್ಷಿ ಒಣಗಸ್ತಾರ. ಇವ್ರು ಕೊಳಸ್ತಾರ. ನನ್ನ ಫ್ರಿಜ್ಜಿನ್ಯಾಗ ಮಾತ್ರ ಇಡಬ್ಯಾಡ್ರಿ."

ನಾನು ಹೆದರಲಿಲ್ಲ. ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲೇ ಕುಡಿಯಬೇಕು ಎಂದು ಎಲ್ಲೋ ಓದಿದ್ದೆ. ವಿಕ್ರೋಳಿಯ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವನು ನಾನು. ಕಾಗದದಲ್ಲಿ ಬರೆದದ್ದನ್ನು ನಂಬುವ ಜಾತಿ. ರೂಮಂತೂ ಇದೆ, ಟೆಂಪರೇಚರಿಗಂತೂ ಬರವಿಲ್ಲ ಎಂದು ಬಾಟ್ಲಿಯನ್ನು ಟಿವಿ ಪಕ್ಕ ಇಟ್ಟು ಬೀಗಿದೆ. ಸ್ನೇಹಾ ಹಣೆ ಚಚ್ಚಿಕೊಂಡಳು.

"ಪಪ್ಪಾ, ಅದು ಯೂರೋಪ್‌ದ ರೂಮ್! ನಮ್ಮ ರೂಮ್ ಅಲ್ಲ. ಪ್ಲೀಸ್, ಅವರಿಗೆ ಗರಂ ವೈನ್ ಮತ್ ದೇನಾ."

ಯೋಚಿಸಿ ನೋಡಿ, ಎಷ್ಟು ದೊಡ್ಡ ಅನ್ಯಾಯ! ಯಾವುದೋ ಚಳಿದೇಶದಲ್ಲಿ, ಕಲ್ಲಿನ ಗೋಡೆಯ ಮನೆಯಲ್ಲಿ, ಕೋಟು ಹಾಕಿಕೊಂಡು ಊಟಕ್ಕೆ ಕೂತವರು ತಮ್ಮ ಕೋಣೆಯನ್ನೇ ಜಗತ್ತಿನ ಕೋಣೆ ಎಂದುಕೊಂಡರು. ಅವರ ಕೋಣೆ ಹದಿನಾರು ಹದಿನೇಳು ಡಿಗ್ರಿ. ಮೇ ತಿಂಗಳ ಸಯನ್ನಿನಲ್ಲಿ ತೆಂಗಿನೆಣ್ಣೆಗೆ ಹೆಪ್ಪುಗಟ್ಟುವುದು ಎಂದರೇನೆಂದೇ ಮರೆತುಹೋಗಿರುತ್ತದೆ. ಬೆಡ್‌ರೂಮಿನ ಎಸಿಯನ್ನು ಹದಿನಾರಕ್ಕೆ ತಿರುಗಿಸಿ ಬಾಟ್ಲಿಯ ಪಕ್ಕ ಚಾದರ ಹೊದ್ದು ಕೂತೆ. ಎಸಿ ಏದುಸಿರು ಬಿಟ್ಟಿತೇ ಹೊರತು ಹದಿನಾರರ ಹತ್ತಿರಕ್ಕೂ ಸುಳಿಯಲಿಲ್ಲ. ಕರೆಂಟು ಬಿಲ್ ನೆನೆದು ನಾನೇ ಎದ್ದು ಆರಿಸಿದೆ. ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇಡಬಹುದಿತ್ತು, ಆದರೆ ಸಂಜೆಯೊಳಗೆ ಇಡೀ ಬಿಲ್ಡಿಂಗು ನನಗೆ ಕುಡುಕನ ಪಟ್ಟ ಕಟ್ಟುತ್ತಿತ್ತು. ಮಾರ್ಕೆಟ್ಟಿನಿಂದ ಬರ್ಫ, ಅಂದರೆ ಐಸು, ತರಬಹುದಿತ್ತು, ಆದರೆ ಮೀನಿನ ಬುಟ್ಟಿಯ ಬರ್ಫವನ್ನು ಶಾಂತಾ ಮೆಟ್ಟಿಲು ಹತ್ತಲೂ ಬಿಡುತ್ತಿರಲಿಲ್ಲ.

ಆಗ ನನಗೆ ನನ್ನ ಅಪ್ಪ ನೆನಪಾದರು. ನಮ್ಮದೂ ವಿಜಯಪುರವೇ. ಬೇಸಿಗೆಯಲ್ಲಿ ಅಪ್ಪ ನೀರಿನ ತಂಬಿಗೆಗೆ ಒದ್ದೆ ಧೋತರದ ತುಂಡು ಸುತ್ತಿ ಕಿಟಕಿಯಲ್ಲಿ ಇಡುತ್ತಿದ್ದರು. ಹೊರಗೆ ಬೆಂಕಿಯಂಥ ಗಾಳಿ, ಒಳಗೆ ಹಲ್ಲು ಜುಮ್ಮೆನ್ನುವ ನೀರು. ಎಸಿಯನ್ನು ಕಂಡುಹಿಡಿದವರಿಗಿಂತ ನನ್ನ ಅಪ್ಪ ಒಂದು ಕೈ ಮೇಲು ಎಂದು ಎದೆ ಉಬ್ಬಿತು. ಭಾನುವಾರ ಬೆಳಿಗ್ಗೆಯೇ ಒಂದು ಹಳೆಯ ಪಂಚೆ ಹರಿದು, ನೆನೆಸಿ, ಬಾಟ್ಲಿಗೆ ಸುತ್ತಿ, ಕಿಟಕಿಯ ಗ್ರಿಲ್ಲಿಗೆ ಕಟ್ಟಿದೆ. ಎದುರು ಬಿಲ್ಡಿಂಗಿನವರು ಏನೆಂದುಕೊಂಡರೋ ಕೇಳಲು ಹೋಗಲಿಲ್ಲ.

ಸಂಜೆ ಬಿಚ್ಚಿದರೆ ಪಂಚೆ ಬೆಳಿಗ್ಗೆ ಎಷ್ಟು ಒದ್ದೆಯಿತ್ತೋ ಅಷ್ಟೇ ಒದ್ದೆ. ಬಾಟ್ಲಿ ಹದವಾದ ಸ್ನಾನದ ನೀರು. ಒದ್ದೆ ಬಟ್ಟೆ ಒಣಗಿದರೆ ತಾನೇ ತಂಪು? ವಿಜಯಪುರದ ಗಾಳಿ ನೀರು ಕಂಡರೆ ಹೀರುತ್ತದೆ. ಮುಂಬೈ ಗಾಳಿ ತಾನೇ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಈ ಊರಿನಲ್ಲಿ ಟವೆಲ್ ಒಣಗದೆ ಎಷ್ಟು ಮಳೆಗಾಲ ಕಳೆದಿದ್ದೇನೆ, ಆದರೂ ಹೊಳೆಯಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು.

ಓಂಕಾರ, ಅವನ ತಾಯಿ, ತಂದೆ ಮೂವರೂ ಒಳಗೆ ಬಂದರು. ಪಂಚೆಯ ಸಮೇತ ಬಾಟ್ಲಿ ಹಿಡಿದು ನಿಂತ ನನ್ನನ್ನು ಓಂಕಾರನ ತಂದೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಕ್ಯಾ ಹುವಾ? ಬಾಟ್ಲೀ ಕೋ ಬುಖಾರ್ ಆಯಾ ಕ್ಯಾ?"

ಬಾಟ್ಲಿಗೆ ಜ್ವರ ಬಂತೇ ಎಂಬ ಮಾತಿಗೆ ಎಲ್ಲರೂ ನಕ್ಕರು, ಶಾಂತಾಳನ್ನು ಬಿಟ್ಟು. ಓಂಕಾರನ ತಂದೆ ಬಾಟ್ಲಿ ಮುಟ್ಟಿ ನೋಡಿದರು. ನಗು ಅರ್ಧಕ್ಕೆ ನಿಂತಿತು. ನಡೆದೀತು ಎನ್ನುವಂತೆ "ಚಲೇಗಾ, ಚಲೇಗಾ" ಎಂದರು, ಕಷ್ಟಪಟ್ಟು. ತಾವೇ ಬೆಳೆದ ದ್ರಾಕ್ಷಿಯನ್ನು ಹೀಗೆ ಕುದಿಸಿದ ಮನೆಯಿಂದ ಸೊಸೆ ತರಬೇಕೇ ಎಂದು ಅವರು ಯೋಚಿಸುತ್ತಿದ್ದಾರೆ ಎಂದೇ ನನಗೆ ಅನಿಸಿತು. ಸ್ನೇಹಾ ನೆಲ ನೋಡುತ್ತ ನಿಂತಿದ್ದಳು. ನನ್ನ ಅತಿ ಜಾಣತನದಿಂದ ಮಗಳ ಮದುವೆಯೇ ಮುರಿಯಿತಲ್ಲ ಎಂದುಕೊಂಡೆ.

ಶಾಂತಾ ಎದ್ದಳು. ಫ್ರಿಜ್ ತೆರೆದಳು. ಫ್ರೀಜರಿನಲ್ಲಿದ್ದ ಬಟಾಣಿ ಪೊಟ್ಟಣವನ್ನು ಹೊರಗೆಳೆದು ಕಟ್ಟೆಯ ಮೇಲೆ ಕುಕ್ಕಿ ನನ್ನತ್ತ ತಿರುಗಿದಳು.

"ಬೀಗರಿಗೆ ಇಷ್ಟ್ ಬಿಸೀದು ಕುಡಸ್ತಾರೇನ್ರಿ? ಕೊಡ್ರಿ ಇಲ್ಲೆ!"

ಬಂದವರಿಗೆ ಕನ್ನಡ ಬಾರದು. ಗಂಡನಿಗೆ ಬೈಗುಳ ಬಿತ್ತು ಎಂದಷ್ಟೇ ಅವರಿಗೆ ಗೊತ್ತಾಯಿತು, ಅದಕ್ಕೆ ಭಾಷೆ ಬೇಕಿಲ್ಲ. ಸ್ನೇಹಾಳ ಕನ್ನಡವೂ ಅರೆಬರೆ, ಆದರೆ ಆ ಮೊದಲ ಪದ ಅವಳಿಗೆ ಗೊತ್ತಿತ್ತು. ಓಡಿಹೋಗಿ ಅವ್ವನನ್ನು ಹಿಂದಿನಿಂದ ತಬ್ಬಿಕೊಂಡಳು. "ಬಿಡ, ಬಾಟ್ಲಿ ಬೀಳತೈತಿ" ಎನ್ನುತ್ತಲೇ ಶಾಂತಾ ಅದನ್ನು ಫ್ರೀಜರಿನಲ್ಲಿ ಬಟಾಣಿಯ ಜಾಗಕ್ಕೆ ತುರುಕಿದಳು. "ಕ್ಯಾ ಬೋಲೀ?" ಎಂದು ಓಂಕಾರನ ತಂದೆ ನನ್ನನ್ನು ಕೇಳಿದರು. ಬೀಗರು ಎಂದರೆ ಮರಾಠಿಯಲ್ಲಿ ವ್ಯಾಹಿ ಎಂದು ನಾನು ಹೇಳಿದ್ದೇ ತಡ, ಮನುಷ್ಯ ಎದ್ದು ಬಂದು ನನ್ನನ್ನು ಅಪ್ಪಿದರು, ಒದ್ದೆ ಪಂಚೆಯ ಸಮೇತ.

ಆಮೇಲೆ ಮಾತಿಗೆ ಎಲ್ಲಿಯ ತಡೆ! ಮದುವೆಯ ಹಾಲ್ ಎಲ್ಲಿ, ಊಟಕ್ಕೆ ಹೋಳಿಗೆಯೋ ಶ್ರೀಖಂಡವೋ, ಎರಡೂ ಯಾಕಾಗಬಾರದು ಎಂದು ಬೀಗಿತಿಯರು ವಾದಿಸುತ್ತ ಕೂತರು. ವೈನ್ ನೆನಪಾದಾಗ ಊಟದ ಹೊತ್ತು ಮೀರಿತ್ತು. ಬಾಟ್ಲಿಯ ಬಿರಡೆ ತೆಗೆದು ಬೋರಲು ಹಾಕಿದರೆ ಒಂದು ಹನಿ ಬೀಳಲಿಲ್ಲ. ತಳಕ್ಕೆ ತಟ್ಟಿದೆವು. ಆಗ ಕೆಂಪು ಬರ್ಫ ಮುದ್ದೆ ಮುದ್ದೆಯಾಗಿ ಬಟ್ಟಲಿಗೆ ಬಿತ್ತು. ಬೀಗರು ಚಮಚ ತರಿಸಿಕೊಂಡು ಬರ್ಫದ ಗೋಲಾ ತಿನ್ನುವ ಹುಡುಗರಂತೆ ಚಪ್ಪರಿಸಿದರು.

ಶಾಂತಾ ಸ್ವಲ್ಪ ಹೊತ್ತು ನೋಡಿದಳು. ತಾನೂ ಒಂದು ಚಮಚ ತೆಗೆದುಕೊಂಡಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಏನ್ ನೋಡ್ತೀರಿ?" ಎಂದಳು. "ಇದು ಕುಡಿಯೂದಲ್ಲಲ್ಲ, ತಿನ್ನೂದು."