ಬರಗೇರಮ್ಮ ತೊಳೆದ ಬಾಟಲಿಗಳು

ಚಿತ್ರದುರ್ಗದ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಬರಗೇರಮ್ಮ ಇಪ್ಪತ್ತಾರು ವರ್ಷದಿಂದ ಗಾಜು ತೊಳೆಯುತ್ತಿದ್ದಳು. ಎಂಟನೇ ತರಗತಿಗೆ ಓದು ಬಿಟ್ಟವಳು. ಆದರೆ ಆಸಿಡ್‌ನಲ್ಲಿ ನೆನೆಹಾಕಿದ ಬಾಟಲಿಯನ್ನು ಎಷ್ಟು ನೀರಲ್ಲಿ ಜಾಲಿಸಬೇಕು ಎನ್ನುವ ವಿಷಯದಲ್ಲಿ ಅವಳ ಮಾತು ಮೀರುವವರು ಅಲ್ಲಿರಲಿಲ್ಲ.

ಅವಳ ತವರು ಹಿರೇಗುಂಟನೂರಿನ ಕಡೆಯ ಸಣ್ಣ ಹಳ್ಳಿ. ಊರ ಹಳ್ಳದ ಮೇಲುಗಡೆ ಮೂರು ವರ್ಷದ ಹಿಂದೆ ಒಂದು ಶೆಡ್ ಎದ್ದಿತ್ತು. ಹಳೇ ಗಣಿಮಣ್ಣಿಗೆ ಪಾದರಸ ಬೆರೆಸಿ ಚೂರುಪಾರು ಚಿನ್ನ ತೆಗೆಯುತ್ತಾರೆಂದು ಜನ ಆಡಿಕೊಳ್ಳುತ್ತಿದ್ದರು. ಶೆಡ್ಡಿನ ಕೊಳವೆ ಬಂದು ಬೀಳುವುದು ಹಳ್ಳಕ್ಕೇ. ಅದೇ ನೀರು ಕುಡಿಯುವ ಕುರಿಗಳ ಒಡತಿ ಜುಂಜಮ್ಮ ಮಾಲಿನ್ಯ ನಿಯಂತ್ರಣ ಕಚೇರಿಗೆ ಅರ್ಜಿ ಕೊಟ್ಟಳು. ನೌಕರನೊಬ್ಬ ಬಂದು, ತಾನು ಕುಡಿದು ಖಾಲಿ ಮಾಡಿದ ಪ್ಲಾಸ್ಟಿಕ್ ಬಾಟಲಿಗೇ ಹಳ್ಳದ ನೀರು ತುಂಬಿಕೊಂಡು ಹೋದ. ಬಾಟಲಿ ನಾಲ್ಕು ದಿನ ಜೀಪಿನಲ್ಲೇ ಬಿಸಿಲು ಕಾಯಿತು. ಆಮೇಲೆ 'ಪಾದರಸ ಇಲ್ಲ' ಎಂಬ ಕಾಗದ ಬಂತು.

ಊರಿಗೆ ಹೋದಾಗ ಬರಗೇರಮ್ಮ ಆ ಕಾಗದ ಓದಿ, ನೀರು ಒಯ್ದ ಬಗೆ ಕೇಳಿಕೊಂಡಳು. "ಪ್ಲಾಸ್ಟಿಕ್ಕು ಪಾದರಸನ ಹಿಡ್ಕಂಬಿಡ್ತೈತೆ. ಇದು ಪರೀಕ್ಷೆ ಅಲ್ಲ ಜುಂಜಮ್ಮ, ಕಣ್ಕಟ್ಟು," ಎಂದಳು.

ಮಾರನೆಯ ದಿನವೇ ಉಪನ್ಯಾಸಕಿ ಬೃಂದಾ ಅವರ ಮುಂದೆ ನಿಂತಳು. "ಮೇಡಂ, ನೀವು ಹೇಳಿಕೊಡ್ರಿ, ನಾನು ನೀರು ತರ್ತೀನಿ." ಬೃಂದಾ ಹೇಳಿಕೊಟ್ಟರು: ಗಾಜಿನ ಬಾಟಲಿಯೇ ಬೇಕು. ಶೆಡ್ಡಿಗಿಂತ ಮೇಲ್ಗಡೆ ಒಂದು, ಕೊಳವೆಯ ಕೆಳಗೆ ಒಂದು ತುಂಬಬೇಕು. ಇಬ್ಬರು ಹೋಗಬೇಕು, ಒಬ್ಬಳು ಬಾಟಲಿಯನ್ನಷ್ಟೇ ಮುಟ್ಟಬೇಕು, ಮಿಕ್ಕಿದ್ದನ್ನೆಲ್ಲ ಇನ್ನೊಬ್ಬಳು. ಒಂದು ಬಾಟಲಿಯಲ್ಲಿ ಪ್ರಯೋಗಾಲಯದ ಶುದ್ಧ ನೀರನ್ನೇ ಒಯ್ದು, ಹಳ್ಳದ ದಡದಲ್ಲಿ ತೆರೆದು, ಮುಚ್ಚಿ ತರಬೇಕು. ತಂದವರ ಕೈಯಿಂದ ಏನೂ ಬೆರೆತಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

"ಅಂದ್ರೆ ಒಬ್ಬರು ಮಡಿ, ಒಬ್ಬರು ಮೈಲಿಗೆ," ಎಂದು ಹಳ್ಳದ ದಡದಲ್ಲಿ ಇದನ್ನೆಲ್ಲ ಕೇಳಿದ ಜುಂಜಮ್ಮ ನಕ್ಕಳು. "ನಾನು ಕುರಿ ಮುಟ್ಟಿದೋಳು, ನೀನೇ ಮಡಿಯಾಗು."

"ನಮ್ಮನ್ನ ಯಾರು ಮಡಿ ಅಂದಿದ್ರು ಇಷ್ಟು ದಿನ? ಇವತ್ತು ಆಗ್ತೀನಿ," ಎಂದು ಬರಗೇರಮ್ಮ ಕೈಗವಸು ತೊಟ್ಟು ಮೊಣಕಾಲುದ್ದದ ನೀರಿಗಿಳಿದಳು. ಹರಿವಿಗೆ ಎದುರಾಗಿ ನಿಂತು ಬಾಟಲಿಯನ್ನು ನೀರೊಳಗೇ ತುಂಬಿ, ಒಳಗೇ ಮುಚ್ಚಳ ಬಿಗಿದಳು. ಅಷ್ಟರಲ್ಲಿ ಶೆಡ್ಡಿನ ಮ್ಯಾನೇಜರ್ ಮುರುಗೇಶ್ ಬೈಕಿನಲ್ಲಿ ಬಂದ.

"ಬಾಟಲಿ ತೊಳಿಯೋಳಿಗೆ ಇದೆಲ್ಲ ಯಾಕಮ್ಮ? ಮ್ಯಾಕೆ ಬಾ, ಕುಂತು ಮಾತಾಡಾಣ."

"ಅಲ್ಲೇ ನಿಂತ್ಕಳ್ರಿ. ನೀವು ಇಳಿದ್ರೆ ನೀರು ಕಲಕ್ತೈತೆ."

"ನಿನ್ನ ಕೆಲಸ ಹೋಗ್ತೈತೆ, ನೋಡ್ಕ."

"ಹೋಗ್ಲಿ ಬಿಡ್ರಿ. ನೀರು ಮಾತ್ರ ಬಿಡಲ್ಲ." ಹಾಗೆ ಅಂದವಳು ಬಾಟಲಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಬಾಟಲಿ ಜಾರೀತೆಂಬ ಭಯ, ಮುರುಗೇಶನ ಭಯಕ್ಕಿಂತ ದೊಡ್ಡದಾಗಿತ್ತು.

ಜುಂಜಮ್ಮ ಒಂದೊಂದು ಬಾಟಲಿಯನ್ನೂ ಎರಡೆರಡು ಚೀಲದೊಳಗಿಟ್ಟು, ಮಂಜುಗಡ್ಡೆಯ ಡಬ್ಬಿಗೆ ಇಳಿಸಿದಳು. ಅಂದೇ ಮಧ್ಯಾಹ್ನ ಬೃಂದಾ, ನೀರಿನ ಪಾದರಸ ಕಳೆದುಹೋಗದಂತೆ ಆಸಿಡ್ ಹನಿಸಿ, ಅವನ್ನು ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿದರು. ಎರಡನೇ ದಿನ ಪ್ರಿನ್ಸಿಪಾಲರು, "ಆ ನೀರು ಚೆಲ್ಲು, ನಮಗ್ಯಾಕೆ ಊರ ಉಸಾಬರಿ," ಎಂದರು. ಬರಗೇರಮ್ಮ ಸ್ಟೂಲ್ ತಂದು ಫ್ರಿಜ್ಜಿಗೆ ಒರಗಿ ಕೂತಳು. "ಚೆಲ್ಲಬೇಕು ಅಂತ ಬರೆದು ಕೊಡ್ರಿ ಸಾರ್, ಚೆಲ್ತೀನಿ." ಅವರು ಬರೆದು ಕೊಡಲಿಲ್ಲ. ಬಾಟಲಿಗಳು ಬೆಂಗಳೂರಿನ ಪ್ರಯೋಗಾಲಯ ಸೇರಿದವು.

ಫಲಿತಾಂಶ ಬಂತು. ಶೆಡ್ಡಿಗಿಂತ ಮೇಲ್ಗಡೆಯ ನೀರಲ್ಲಿ ಪಾದರಸವಿಲ್ಲ, ಶುದ್ಧ ನೀರಿನ ಬಾಟಲಿಯಲ್ಲೂ ಇಲ್ಲ. ಕೊಳವೆಯ ಕೆಳಗಿನ ನೀರಲ್ಲಿ ಮಿತಿಯ ಒಂಬತ್ತು ಪಟ್ಟು.

ಆ ಫಲಿತಾಂಶ ಹಿಡಿದು ಜುಂಜಮ್ಮ ಮತ್ತೆ ಅರ್ಜಿ ಕೊಟ್ಟಳು. ವಿಚಾರಣೆಯ ದಿನ ಮುರುಗೇಶ್ ಮಾಲಿನ್ಯ ನಿಯಂತ್ರಣ ಕಚೇರಿಯ ಅಧಿಕಾರಿಯ ಮುಂದೆ ಎದ್ದು ನಿಂತ. "ಕಾಲೇಜಿನ ಥರ್ಮಾಮೀಟರ್ ಒಡೆದು ಈಕೇನೇ ಬೆರೆಸ್ಯಾಳೆ ಸಾರ್. ಈಕೆ ಓದಿರೋದು ಎಂಟನೇ ಕ್ಲಾಸು."

ಬರಗೇರಮ್ಮನ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ. "ಬೆರೆಸೋಳು ಮೂರರಲ್ಲಿ ಒಂದಕ್ಕೇ ಯಾಕೆ ಬೆರೆಸ್ಲಿ? ನನ್ನ ಕೈ ಬ್ಯಾಡ ಸಾರ್. ಬಾಟಲಿ ನಾನು ತೊಳೆದು ತಂದೀನಿ, ನೀವೇ ಇಳಿದು ತುಂಬ್ರಿ. ನಾನು ದಡದಾಗೆ ಕುಂತಿರ್ತೀನಿ. ಈಗಲೇ ಹೋಗಾಣ. ನಾಳೆ ಅಂದ್ರೆ ಕೊಳವೆ ಇರಲ್ಲ."

ಅಧಿಕಾರಿ ಜೀಪ್ ತರಿಸಿದರು. ಪ್ಯಾಂಟು ಮಡಚಿ ತಾವೇ ನೀರಿಗಿಳಿದರು. ದಡದಿಂದ ಬರಗೇರಮ್ಮ, "ಹರಿವಿಗೆ ಬೆನ್ನು ಹಾಕಬ್ಯಾಡ್ರಿ, ತಿರುಗ್ರಿ," ಎಂದಳು. ಅವರು ತಿರುಗಿದರು.

ಎರಡನೇ ಫಲಿತಾಂಶವೂ ಅದನ್ನೇ ಹೇಳಿತು. ಶೆಡ್ಡಿಗೆ ಮೊಹರು ಬಿತ್ತು. ಮಾಲೀಕರು ಕೋರ್ಟಿಗೆ ಹೋದರು, ಕೇಸು ಇನ್ನೂ ನಡೆಯುತ್ತಿದೆ. ಜುಂಜಮ್ಮ ಕುರಿಗಳನ್ನು ಎರಡು ಮೈಲಿ ಸುತ್ತಿ ಬೇರೆ ಕಟ್ಟೆಗೆ ಹೊಡೆಯುತ್ತಾಳೆ, ಹಳ್ಳದ ಕೆಸರಿನಿಂದ ಪಾದರಸ ಬಿಟ್ಟುಹೋಗುವುದಕ್ಕೆ ವರ್ಷಗಳೇ ಬೇಕಂತೆ. ಅಪ್ಪಣೆಯಿಲ್ಲದೆ ಕಾಲೇಜಿನ ಬಾಟಲಿ ಬಳಸಿದ್ದಕ್ಕೆ ಬರಗೇರಮ್ಮನಿಗೆ ಮೆಮೊ ಬಂತು. ಉತ್ತರವನ್ನು ಅವಳು ಯಾರ ಕೈಲೂ ಬರೆಸಲಿಲ್ಲ. ದಪ್ಪಕ್ಷರದಲ್ಲಿ ತಾನೇ ಬರೆದಳು: 'ಬಳಸಿದ್ದು ನಿಜ. ಕೇಸು ಮುಗಿಯುವ ತನಕ ಹಳ್ಳದ ನೀರು ತರಲು ತಿಂಗಳಿಗೊಂದು ಸಲ ಬಳಸುತ್ತೇನೆ. ಅಪ್ಪಣೆ ಕೊಡಬೇಕು.'