ಬಾದಾಮಿ ಮರದ ಕೆಳಗಿನ ಜಾಗ

ಶುಕ್ರವಾರ ಸಂಜೆ ನಾಲ್ಕೂಮುಕ್ಕಾಲಿಗೆ ಸನ್ಯಾಸಿರಾವು ಎಂದಿನಂತೆ ಬಾದಾಮಿ ಮರದ ಕೆಳಗಿನ ಜಾಗಕ್ಕೆ ಕಲ್ಲು ಅಡ್ಡ ಇಟ್ಟ. ವಿಶಾಖಪಟ್ಟಣದ ಬೀಚ್ ರಸ್ತೆಯ ಆ ಪಾರ್ಕಿಂಗ್‌ನಲ್ಲಿ ನಲವತ್ತು ಕಾರು ಹಿಡಿಸುತ್ತವೆ. ಕಾರಿನಲ್ಲಿ ಕೂತಲ್ಲಿಂದಲೇ ಸಮುದ್ರ ಕಾಣುವುದು ಈ ಮೂಲೆಯಿಂದ ಮಾತ್ರ.

"ಇವತ್ತೂ ಕಲ್ಲಾ?" ಸೂಪರ್‌ವೈಸರ್ ಅಪ್ಪಲನಾಯ್ಡು ಬೈಕಿನಿಂದ ಇಳಿಯದೆಯೇ ಕೇಳಿದ. "ನಲವತ್ತು ದಿನ ಆಯ್ತು ಮಾವಾ. ನಿನ್ನ ಮಾಸ್ಟಾರು ಇನ್ನು ಬರಲ್ಲ. ಆರು ಬೈಕು ನಿಲ್ಲೋ ಜಾಗ ಅದು."

"ಬರ್ತಾರೆ ಬಾಬು. ರಿವರ್ಸ್ ಗೇರ್ ಬೀಳದ ಗಾಡಿ, ಇನ್ನೆಲ್ಲಿ ನಿಲ್ಲಿಸ್ತಾರೆ?"

"ಭಾನುವಾರದವರೆಗೆ ನೋಡ್ತೀನಿ. ಆಮೇಲೂ ಕಲ್ಲು ಇದ್ರೆ ಅದರ ಪಕ್ಕ ನಿನ್ನನ್ನೂ ಕೂರಿಸಿ ಬೈಕ್ ನಿಲ್ಲಿಸ್ತೀನಿ ನೋಡು!"

ಸನ್ಯಾಸಿರಾವಿಗೆ ಐವತ್ತೆಂಟು. ಹೆಂಡತಿ ಪೈಡಮ್ಮ ತೀರಿಕೊಂಡು ಆರು ವರ್ಷ. ಗುಡ್ಡದ ಮೇಲಿನ ಒಂಟಿ ಕೋಣೆಯಲ್ಲಿ ಮಾತಿಗೆ ಯಾರೂ ಇಲ್ಲ. ಇಲ್ಲಿ ಆಡುವ ಮಾತೂ ಅಷ್ಟೇ: ಬನ್ನಿ, ಬನ್ನಿ, ಎಡಕ್ಕೆ, ಸಾಕು. ಹಿಂದಿನ ಸಾಲಿನಲ್ಲಿ ಅಡ್ಡ ನಿಲ್ಲಿಸುವವರು ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಹೋಗುತ್ತಾರೆ. ಒಳಗಿನ ಕಾರು ಹೊರಡುವಾಗ ಅವನು ಹೊರಗಿನದನ್ನು ತಳ್ಳಿ ದಾರಿ ಮಾಡುತ್ತಾನೆ. ಯಾವ ಕಾರು ಎಷ್ಟು ಭಾರ ಎಂಬುದು ಅವನ ಅಂಗೈಗೆ ಗೊತ್ತು. ಕಾರಿನವರ ಮುಖಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಅವರೆಲ್ಲ ಬಾಗಿಲು ಹಾಕಿ ಬೆನ್ನು ತಿರುಗಿಸುವವರು.

ಭಾಸ್ಕರಂ ಮಾಸ್ಟಾರು ಮಾತ್ರ ಕಾರಿನಿಂದ ಇಳಿಯುತ್ತಿರಲಿಲ್ಲ. ನಿವೃತ್ತ ಲೆಕ್ಕದ ಮೇಷ್ಟ್ರು, ಮೊಣಕಾಲು ನೋವು. ಒಂಬತ್ತು ವರ್ಷ ದಿನಾ ಐದಕ್ಕೆ ಆಕಾಶನೀಲಿ ಬಣ್ಣದ ಹಳೇ ಮಾರುತಿಯಲ್ಲಿ ಬಂದು, ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು, ಕಿಟಕಿಗೆ ಮೊಣಕೈ ಊರಿ ಒಂದು ಗಂಟೆ ಸಮುದ್ರ ನೋಡುತ್ತಿದ್ದರು. ಹೊರಡುವಾಗ ಸನ್ಯಾಸಿರಾವು ಬಾನೆಟ್‌ಗೆ ಎರಡೂ ಕೈ ಕೊಟ್ಟು ಹಿಂದಕ್ಕೆ ತಳ್ಳಬೇಕಿತ್ತು.

"ಏನೋ ಸನ್ಯಾಸಿ, ಮಧ್ಯಾಹ್ನ ಉಂಡಿಲ್ವೇನೋ? ಗಾಡಿ ಅಲ್ಲಾಡ್ತಾನೇ ಇಲ್ಲ!"

"ಗಾಡಿ ಹಗುರಾನೇ ಮಾಸ್ಟಾರೂ. ಒಳಗಿರೋ ಸಾಮಾನು ಭಾರ."

ಅವನ ಪಾಲಿಗೆ ದಿನದ ಮಾತುಕತೆ ಎಂದರೆ ಇದೇ. ಕಣ್ಣಿನ ಆಪರೇಷನ್ ಇದೆ, ಹದಿನೈದು ದಿನ ಬರಲ್ಲ ಎಂದು ಹೇಳಿಹೋದವರು ಮತ್ತೆ ಬಂದಿರಲಿಲ್ಲ.

ಐದೂಕಾಲಿಗೆ ಕಾರುಗಳು ಒಟ್ಟೊಟ್ಟಿಗೆ ನುಗ್ಗಿದವು. ಅವನು ಗೇಟಿನ ಬಳಿ ಒಂದು ದೊಡ್ಡ ಗಾಡಿಯನ್ನು ತಿರುಗಿಸುತ್ತಿದ್ದಾಗ ಮರದ ಕೆಳಗೆ ಯಾರೋ ಕಂಡರು. ಗಿಡ್ಡ ಆಳು, ಬೋಳು ತಲೆ, ಬಿಳಿ ಪಂಚೆ, ಕೈಯಲ್ಲಿ ಕೋಲು. ಕಲ್ಲಿನ ಆಚೆ ನಿಂತು ಸಮುದ್ರದ ಕಡೆ ಮುಖ ಮಾಡಿದ್ದರು.

"ಓ ಯಜಮಾನ್ರೇ! ಅಲ್ಲಿ ನಿಲ್ಲಬೇಡಿ, ಅದು ನಮ್ಮ ಮಾಸ್ಟಾರ ಜಾಗ. ಅವರು ಬರೋ ಹೊತ್ತು!"

ಮುದುಕರು ತಿರುಗಿ ಕೈ ಎತ್ತಿದರು. ಸನ್ಯಾಸಿರಾವು ಎರಡು ಸಲ ಜೋರಾಗಿ ವಿಷಲ್ ಊದಿದ. ಅವರು ನಿಧಾನವಾಗಿ ರಸ್ತೆಯತ್ತ ಹೋದರು.

ಸಂದಣಿ ಇಳಿದ ಮೇಲೆ ರಸ್ತೆ ಬದಿಯಲ್ಲಿ ಮಂಡಕ್ಕಿ ಕಲಸುವ ನೂಕಾಲಮ್ಮ ಕರೆದಳು. "ಏನ್ ಬಾವಾ, ಮಾಸ್ಟಾರ ಹತ್ರ ಮಾತೇ ಆಡ್ಲಿಲ್ವಲ್ಲ?"

"ಯಾವ ಮಾಸ್ಟಾರು?"

"ಅಯ್ಯೋ, ಅಲ್ಲೇ ನಿಂತಿದ್ರಲ್ಲ! ಕೋಲು ಹಿಡ್ಕೊಂಡು. ಕಣ್ಣು ಸರಿಹೋಗಲಿಲ್ವಂತೆ, ಗಾಡಿ ಮಾರಿಬಿಟ್ರಂತೆ. ಸನ್ಯಾಸಿಗೆ ಹೇಳಿ ಹೋಗೋಣ ಅಂತ ಆಟೋದಲ್ಲಿ ಬಂದಿದ್ರು."

ಅವನು ಮರದ ಕಡೆ ತಿರುಗಿ ನೋಡಿದ.

"ನೀನು ವಿಷಲ್ ಊದಿದ್ದಕ್ಕೆ ನಕ್ಕರು ಕಣೋ. 'ನೋಡು, ನನ್ನ ಜಾಗದಲ್ಲಿ ನನ್ನನ್ನೇ ನಿಲ್ಲೋಕೆ ಬಿಡಲ್ಲ' ಅಂದ್ರು. ಆಟೋದವನು ಅವಸರ ಮಾಡ್ತಿದ್ದ. ರಾಜಮಂಡ್ರಿ ರೈಲಂತೆ. ಇನ್ಮೇಲೆ ಅಲ್ಲೇ, ತಮ್ಮನ ಮನೇಲಿ."

"ಇಲ್ಲಿನ ಮನೆ ಎಲ್ಲಿತ್ತು? ಫೋನ್ ನಂಬರು?"

"ನನ್ನನ್ನ ಕೇಳ್ತೀಯಲ್ಲ! ಒಂಬತ್ತು ವರ್ಷ ತಳ್ಳಿದೋನು ನೀನು."

ಅವನಿಗೆ ಗೊತ್ತಿದ್ದ ನಂಬರು ಒಂದೇ, ಕಾರಿನದು. ಆದರೂ ಆಟೋ ಸ್ಟ್ಯಾಂಡಿನವರೆಗೆ ಓಡಿದ. ಅಲ್ಲಿ ನಿಂತಿದ್ದ ಮೂರೂ ಆಟೋ ಖಾಲಿಯಿದ್ದವು. ಹಿಂದೆ ಪಾರ್ಕಿಂಗ್‌ನಲ್ಲಿ ಯಾರದೋ ಕಾರು ದಾರಿ ಬಿಡಿ ಎಂದು ಹಾರ್ನ್ ಮಾಡುತ್ತಿತ್ತು. ವಾಪಸು ಬಂದು ಅದಕ್ಕೆ ಅಡ್ಡವಿದ್ದ ಗಾಡಿಯನ್ನು ತಳ್ಳಿದ.

ಭಾನುವಾರ ನಾಲ್ಕಕ್ಕೆ, ಅಪ್ಪಲನಾಯ್ಡು ಬರುವ ಮೊದಲೇ, ಅವನು ಕಲ್ಲನ್ನು ಉರುಳಿಸಿ ಮರದ ಬುಡಕ್ಕೆ ಸೇರಿಸಿದ. ಈಗ ಅಲ್ಲಿ ಬೈಕುಗಳು ನಿಲ್ಲುತ್ತವೆ. ಆರಲ್ಲ, ಏಳು ಹಿಡಿಸುತ್ತವೆ.